ಅಜ್ಜನ ಗಡಿಯಾರ ತೂಕಕ್ಕ ಹಾಕಬ್ಯಾಡ್ರಿ

ಕೊಗನೊಳ್ಳಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಕಥೆ ಚಿನ್ನದ ಜೇಬು ಗಡಿಯಾರದ್ದು, ಅದರಾಗೂ ಸೆಕೆಂಡು ಅಳೆಯೋ ಕ್ರೋನೋಗ್ರಾಫ್‌ದು.

1821ರಲ್ಲಿ ಪ್ಯಾರಿಸ್‌ನ ಕುದುರೆ ರೇಸಿಗೆ ನಿಕೋಲಾ ರಿಯೂಸೆಕ್ ಒಂದು ಯಂತ್ರ ತಂದ. ಕುದುರೆ ಗೆರೆ ದಾಟಿದಾಗ ಅದು ಡಯಲ್ ಮೇಲೆ ಶಾಯಿ ಚುಕ್ಕೆ ಇಡುತ್ತಿತ್ತು. ಗ್ರೀಕಿನಲ್ಲಿ ಕ್ರೋನೋಸ್ ಅಂದ್ರ ಕಾಲ, ಗ್ರಾಫ್ ಅಂದ್ರ ಬರೆಯೋದು. ಹೆಸರು ಬಂದದ್ದೇ ಹಂಗ. ಆದರೆ ಅದು ಪೆಟ್ಟಿಗೆಯಷ್ಟು ದೊಡ್ಡದು, ಜೇಬಿಗೆ ಹಿಡಿಯೋದಲ್ಲ.

1844ರಲ್ಲಿ ಲಂಡನ್‌ನಲ್ಲಿದ್ದ ಸ್ವಿಸ್ ಗಡಿಯಾರಗಾರ ಆಡಾಲ್ಫ್ ನಿಕೋಲ್ ಹೃದಯದಾಕಾರದ ಸಣ್ಣ ಬಿಲ್ಲೆಗೆ ಪೇಟೆಂಟ್ ಪಡೆದ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಆ ಬಿಲ್ಲೆಯ ಅಂಚಿಗೆ ಬಡಿಯುತ್ತೆ. ಮುಳ್ಳು ಎಲ್ಲೇ ಇರಲಿ, ಸೊನ್ನೆಗೆ ಬರುತ್ತೆ. 1862ರ ಹೊತ್ತಿಗೆ ಈ ಯಂತ್ರ ಜೇಬು ಗಡಿಯಾರದೊಳಗೆ ಸೇರಿತು.

ನಾನು ಕಾಮರ್ಸ್ ಓದಿದವ, ಲೆಕ್ಕದಾಗ ಹೇಳ್ತೀನಿ. ತಕ್ಕಡಿ 18 ಕ್ಯಾರಟ್ ಕವಚ ತೂಗುತ್ತೆ, ಯಂತ್ರ ತೂಗೋದಿಲ್ಲ. ಚಿನ್ನದ ದರ ಏರಿದಾಗ ಜಗತ್ತಿನ ಎಷ್ಟೋ ಕವಚ ಕರಗಿ ಹೋಗಿವೆ, ಬರೀ ಯಂತ್ರ ಉಳಿದಿವೆ. ಕವಚ, ಯಂತ್ರ ಎರಡೂ ಕೂಡಿ ಉಳಿದಿದ್ದರೆ ಸಂಗ್ರಾಹಕರು ಅದಕ್ಕೇ ಹೆಚ್ಚು ಬೆಲೆ ಕಟ್ತಾರ.

ನಿಮ್ಮನಿ ಟ್ರಂಕಿನಾಗ ಹಳೇ ಚಿನ್ನದ ಗಡಿಯಾರ ಐತೇನು? ನಿಪ್ಪಾಣಿಗೋ ಕೊಲ್ಲಾಪುರಕ್ಕೋ ಸರಾಫರ ಕಡೆ ಹೋಗೋ ಮೊದ್ಲು, ಗಡಿಯಾರ ರಿಪೇರಿ ಬಲ್ಲವರ ಕೈಯಾಗ ಹಿಂದಿನ ಮುಚ್ಚಳ ತೆಗೆಸ್ರಿ. ಒಳಗ ಆ ಹೃದಯ ಕಂಡ್ರ, ತಕ್ಕಡಿ ಮುಟ್ಟಿಸಬ್ಯಾಡ್ರಿ.