ತಲ್ಬೀನಾ: ರೋಗಿಯ ಬಟ್ಟಲಿನ ಚರಿತ್ರೆ

ಪ್ರವಾದಿ ಮುಹಮ್ಮದ್(ಸ)ರ ಪತ್ನಿ ಹಝ್ರತ್ ಆಯಿಶಾ(ರ)ರ ಕುಟುಂಬದಲ್ಲಿ ಸಾವು ಸಂಭವಿಸಿದರೆ ಹೆಂಗಸರು ಸೇರುತ್ತಿದ್ದರು. ಅವರೆಲ್ಲ ಚದುರಿ, ಮನೆಯವರು ಮತ್ತು ತೀರಾ ಆಪ್ತರು ಮಾತ್ರ ಉಳಿದಾಗ ಆಯಿಶಾ(ರ) ಒಲೆಯ ಮೇಲೆ ಒಂದು ಪಾತ್ರೆ ಇಡಿಸುತ್ತಿದ್ದರು. ಅದರಲ್ಲಿ ಬೇಯುತ್ತಿದ್ದುದು ತಲ್ಬೀನಾ, ಅಂದರೆ ಹಿಟ್ಟಿನ ತೆಳು ಗಂಜಿ. ಸಾಮಾನ್ಯವಾಗಿ ಜವೆಗೋಧಿಯದು. ಹಾಲಿನಂತೆ ಬೆಳ್ಳಗಿರುವುದರಿಂದ ‘ಲಬನ್’ ಎಂಬ ಅರಬಿ ಶಬ್ದದಿಂದ ಈ ಹೆಸರು ಬಂತು. ರೊಟ್ಟಿ ಮುರಿದು ಮಾಡಿದ ಸರೀದ್‌ನ ಮೇಲೆ ಅದನ್ನು ಹೊಯ್ದು ಉಣ್ಣಲು ಹೇಳುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ಕೊಡುತ್ತದೆ, ದುಃಖವನ್ನು ಒಂದಿಷ್ಟು ನೀಗುತ್ತದೆ ಎಂದು ಪ್ರವಾದಿವರ್ಯ(ಸ)ರಿಂದ ಕೇಳಿದ್ದಾಗಿ ಅವರು ತಿಳಿಸಿದರೆಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ.

ಇಲ್ಲಿ ‘ಒಂದಿಷ್ಟು’ ಎಂಬ ಮಾತು ಗಮನಾರ್ಹ. ದುಃಖವೆಲ್ಲ ಹೋಗುತ್ತದೆ ಎಂದಿಲ್ಲ. ಇದು ರೋಗಿಗೆ ಹಿಡಿಸದ, ಆದರೆ ಉಪಕಾರಿಯಾದ ಆಹಾರವೆಂದೂ ಆಯಿಶಾ(ರ) ಹೇಳುತ್ತಿದ್ದರು. ರೋಗಿಯ ಬಳಿ ಬಟ್ಟಲು ಹಿಡಿದು ಕುಳಿತವರಿಗೇ ಗೊತ್ತಿರುವ ಸತ್ಯವಿದು. ಅದೇ ತಲ್ಬೀನಾವನ್ನು ಈಗ ಪೊಟ್ಟಣದಲ್ಲಿ ತುಂಬಿ, ಸಕಲ ರೋಗಕ್ಕೂ ಮದ್ದೆಂದು ಮಾರುವವರಿದ್ದಾರೆ. ಹದೀಸ್‌ನಲ್ಲಿಲ್ಲದ ಭರವಸೆಯನ್ನು ಅದಕ್ಕೆ ಅಂಟಿಸುವುದೇಕೆ?

ಕ್ರಿ.ಶ. 629ರ ಮುಅ್ತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಮದೀನಾಕ್ಕೆ ತಲುಪಿದಾಗ, ಅವರ ಮನೆಯವರು ದುಃಖದಲ್ಲಿ ಮುಳುಗಿದ್ದಾರೆ, ಅವರಿಗೆ ಅಡುಗೆ ಮಾಡಿಕೊಡಿ ಎಂದು ಪ್ರವಾದಿ(ಸ) ಸೂಚಿಸಿದ್ದರು. ನಮ್ಮ ಅನೇಕ ಊರುಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಸಾವಿನ ಮನೆಯವರೇ ಸಾಲ ಮಾಡಿ ಬಂದವರಿಗೆ ಬಿರಿಯಾನಿ ಬಡಿಸಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಏನಾದರೂ ಉಂಡಳೇ ಎಂದು ಕೇಳುವವರು ಕಡಿಮೆ.

ಜವೆಗೋಧಿಯ ಗಂಜಿ ಅರಬರಿಗಷ್ಟೇ ಸೇರಿದ್ದಲ್ಲ. ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ತೀವ್ರ ಜ್ವರಕ್ಕೆ ಅದೇ ಪಥ್ಯ. ಒಂಬತ್ತನೇ ಶತಮಾನದ ಬಗ್ದಾದ್‌ನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸ ಮತ್ತು ಆತನ ಸಂಗಡಿಗರು ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದಾಗ, ಅಡುಗೆಮನೆಯ ತಿಳಿವಳಿಕೆ ಮತ್ತು ವೈದ್ಯನ ಶಾಸ್ತ್ರ ಒಂದೇ ಪಾತ್ರೆಯಲ್ಲಿ ಸೇರಿದವು. ಯುನಾನಿ ಹಕೀಮರು ಇಂದಿಗೂ ಹೇಳುವ ‘ಆಶೆ ಜೌ’ ಅದೇ ಪರಂಪರೆಯದು.

ಹತ್ತನೇ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಬರೆದ ‘ಕಿತಾಬುತ್ತಬೀಖ್’ ಎಂಬ ಪಾಕಗ್ರಂಥ ಖಲೀಫರ ಔತಣದ ಖಾದ್ಯಗಳ ಜೊತೆಗೆ ರೋಗಿಗಳ ಅಡುಗೆಗೂ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಅದರಲ್ಲಿ ‘ಮುಝವ್ವರಾತ್’ ಎಂಬ ಮಾಂಸವಿಲ್ಲದ ಪದಾರ್ಥಗಳಿವೆ. ಶಬ್ದಾರ್ಥ ‘ನಕಲಿ’. ಕ್ರೈಸ್ತರು ತಮ್ಮ ಉಪವಾಸದ ದಿನಗಳಲ್ಲಿ ತಿನ್ನುತ್ತಿದ್ದ ಇಂಥ ಅಡುಗೆಯೇ ರೋಗಿಗಳಿಗೂ ಪಥ್ಯವಾಯಿತು. ಜೀರ್ಣವಾಗುವುದೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ, ಯಾವ ಧರ್ಮದ ಅಡುಗೆ ಎಂಬುದಲ್ಲ. ಮುಂದೆ ಕೈರೋದಲ್ಲಿ ಯಹೂದಿ ವೈದ್ಯ ಮೂಸಾ ಇಬ್ನ್ ಮೈಮೂನ್ ಕೋಳಿಯ ಸಾರನ್ನು ಹೊಗಳಿ ಬರೆದ.

ಅದೇ ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯ ವಕ್ಫ್ ಪತ್ರವನ್ನು ಓದಿದರೆ, ಯಾರೋ ಮನೆಯಲ್ಲಿ ರೋಗಿಯ ಆರೈಕೆ ಮಾಡಿದವರೇ ಬರೆಸಿರಬೇಕು ಎನಿಸುತ್ತದೆ. ಬಡವ, ಶ್ರೀಮಂತ, ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಚಿಕಿತ್ಸೆ. ಮನೆಯಲ್ಲೇ ಮಲಗಿರುವ ಬಡ ರೋಗಿಗೂ ಔಷಧ, ಪಾನಕಗಳನ್ನು ಒದಗಿಸಲು ಅವಕಾಶ. ಪ್ರತಿಯೊಬ್ಬನಿಗೂ ಅವನದೇ ಪ್ರತ್ಯೇಕ ಬಟ್ಟಲು, ಇನ್ನೊಬ್ಬ ರೋಗಿಯೊಡನೆ ಹಂಚಿಕೊಳ್ಳುವಂತಿಲ್ಲ. ಸೆಖೆಗೆ ಬೀಸಿಕೊಳ್ಳಲು ಖರ್ಜೂರದ ಗರಿಯ ಬೀಸಣಿಗೆ, ಊಟದ ಮೇಲೆ ಕವುಚಿಡಲು ಅದೇ ಗರಿಯಿಂದ ಹೆಣೆದ ಮುಚ್ಚಳ. ಇವುಗಳ ಖರ್ಚೂ ವಕ್ಫ್ ಆದಾಯದಿಂದಲೇ.