ಮಣ್ಣಿನ ಹದ, ಓಟದ ಹಂಗಾಮು

ಗೆದ್ದವರ ಹೆಸರು, ಹೆಚ್ಚೆಂದರೆ ಅವರು ಓಡಿಸಿದ ವಾಹನದ ಹೆಸರು ಬರೆದಿಟ್ಟು ಅದನ್ನೇ ಕ್ರೀಡೆಯ ಚರಿತ್ರೆ ಎನ್ನುವುದು ನಮ್ಮ ರೂಢಿ. ಓಡಿದ ನೆಲ ಯಾವುದೆಂದು ನಾವು ಕೇಳುವುದಿಲ್ಲ. ಆದರೆ ಮೊಟೊಕ್ರಾಸ್, ಅಂದರೆ ಟಾರು ಕಾಣದ ಉಬ್ಬುತಗ್ಗಿನ ನೆಲದಲ್ಲಿ ನಡೆಯುವ ಮೋಟಾರ್ ಸೈಕಲ್ ಪಂದ್ಯದ ಮಟ್ಟಿಗೆ ಈ ರೂಢಿ ಸಾಲದು. ಯಾರು ಗೆಲ್ಲಬೇಕು, ಯಾವಾಗ ಓಡಬೇಕು ಎಂಬ ತೀರ್ಮಾನದಲ್ಲಿ ಇಲ್ಲಿ ಮಣ್ಣಿಗೂ ಪಾಲಿದೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಮೋಟಾರ್ ಸೈಕಲ್ ತಯಾರಕ ಆಲ್ಫ್ರೆಡ್ ಸ್ಕಾಟ್ 1914ರಲ್ಲಿ ತನ್ನ ಕಾರ್ಖಾನೆಯ ನೌಕರರಿಗಾಗಿ ಗುಡ್ಡ, ಹಳ್ಳಗಳ ನಡುವೆ ಒಂದು ಸ್ಪರ್ಧೆ ಏರ್ಪಡಿಸಿದ್ದ. ಮುಂದೆ ದಕ್ಷಿಣ ಇಂಗ್ಲೆಂಡಿನ ಕೇಂಬರ್ಲಿಯ ಹವ್ಯಾಸಿಗಳು ಅದೇ ಮಾದರಿಯಲ್ಲಿ, ಆದರೆ ವೇಗವೊಂದನ್ನೇ ಲೆಕ್ಕಕ್ಕೆ ಹಿಡಿದು, 1924ರ ಮಾರ್ಚ್ 29ರಂದು ಪಂದ್ಯ ನಡೆಸಿದರು. ನಿಯಮದ ಪ್ರಕಾರ ಅದನ್ನು 'ಟ್ರಯಲ್' ಎಂದು ಕರೆಯುವಂತಿರಲಿಲ್ಲ. ಹಾಗಾಗಿ 'ಸ್ಕ್ರ್ಯಾಂಬಲ್' ಎಂದರು. ಬಿದ್ದೆದ್ದು ಮುನ್ನುಗ್ಗುವುದು ಎಂದು ಅದರ ಭಾವ. ಮೊಟೊಕ್ರಾಸ್‌ನ ಹುಟ್ಟನ್ನು ಸಾಮಾನ್ಯವಾಗಿ ಈ ದಿನದಿಂದಲೇ ಎಣಿಸುತ್ತಾರೆ.

ಅವರು ಓಡಿದ್ದು ಎಂಥ ನೆಲದಲ್ಲಿ? ಮರಳು ಬೆರೆತ, ಕುರುಚಲು ಗಿಡಗಳ ಬಯಲಿನಲ್ಲಿ. ಬೆಳೆಗೆ ಒಗ್ಗದ ಆ ಸೀಮೆಯನ್ನು ಸೈನ್ಯ ಬಹುಕಾಲದಿಂದ ಕವಾಯತಿಗೆ ಬಳಸುತ್ತಿತ್ತು. ರೈತ ಕೈಬಿಟ್ಟ ನೆಲದಲ್ಲಿ ಒಂದು ಕ್ರೀಡೆ ಹುಟ್ಟಿತು. ಎರಡನೆಯ ಮಹಾಯುದ್ಧದ ನಂತರ ಅದು ಯುರೋಪಿನಲ್ಲಿ ಹಬ್ಬಿತು. 1947ರಲ್ಲಿ ನೆದರ್ಲೆಂಡ್ಸ್‌ನಲ್ಲಿ ರಾಷ್ಟ್ರಗಳ ನಡುವಿನ ಮೊದಲ ಪಂದ್ಯ, 1957ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದವು.

ಬಿತ್ತನೆಗೆ ಮುನ್ನ ನಮ್ಮ ರೈತರು ಒಂದು ಹಿಡಿ ಮಣ್ಣು ತೆಗೆದು ಅದುಮಿ ನೋಡುತ್ತಾರೆ. ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಉದುರಬೇಕು. ಅದು ಹದ. ಮೊಟೊಕ್ರಾಸ್ ಸವಾರನಿಗೆ ಬೇಕಾದದ್ದೂ ಅದೇ. ಮರಳು, ಜೇಡಿ ಎರಡೂ ಹಿತಮಿತವಾಗಿ ಬೆರೆತ ಗೋಡುಮಣ್ಣು ಮಳೆ ನಿಂತು ಒಂದೆರಡು ದಿನವಾದ ಮೇಲೆ ಚಕ್ರದ ಹಲ್ಲುಗಳಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಜೇಡಿಮಣ್ಣು ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಗಾಡಿಯನ್ನೇ ಭಾರ ಮಾಡುತ್ತದೆ. ಒಣಗಿದರೆ ಕಲ್ಲಾಗಿ ಜಾರುತ್ತದೆ. ಬೇಸಿಗೆಯ ಧೂಳು ಇನ್ನೂ ಅಪಾಯಕಾರಿ. ಮುಂದೆ ಒಬ್ಬ ಬಿದ್ದಿದ್ದಾನೆಂಬುದು ಹಿಂದಿನವನಿಗೆ ಕಾಣುವುದೇ ಇಲ್ಲ. ಆದ್ದರಿಂದ ಹದದ ಮಾತು ಬರಿ ಅನುಕೂಲದ ಮಾತಲ್ಲ, ಕೈಕಾಲುಗಳ ಮಾತು, ಕೆಲವೊಮ್ಮೆ ಪ್ರಾಣದ ಮಾತು. ಟ್ರ್ಯಾಕ್ ನೋಡಿಕೊಳ್ಳುವವರು ಪಂದ್ಯಕ್ಕೆ ಮುನ್ನ ನೆಲವನ್ನು ಆಳವಾಗಿ ಉತ್ತು ನೀರುಣಿಸುವುದು ಇದಕ್ಕಾಗಿಯೇ.

ಯುರೋಪಿನಲ್ಲಿ ವಸಂತ ಮತ್ತು ಶರತ್ಕಾಲ ಸವಾರಿಗೆ ಪ್ರಶಸ್ತ. ಚಳಿಗಾಲದ ಮಳೆಗೆ ಜೇಡಿಯ ಟ್ರ್ಯಾಕುಗಳು ಕೆಸರಾಗುತ್ತವೆ. ಆಗ ಮರಳಿಗೆ ಬೆಲೆ ಬರುತ್ತದೆ, ಏಕೆಂದರೆ ಮರಳು ನೀರನ್ನು ಹಿಡಿದಿಡದೆ ಬಸಿದುಬಿಡುತ್ತದೆ. ಬೆಲ್ಜಿಯಂನ ಲೊಮ್ಮೆಲ್ ಅಂಥ ಒಂದು ಊರು. ಅಲ್ಲಿನ ಮರಳು ಸವಾರರಿಗೆ ಕಠಿಣ ಪಾಠಶಾಲೆ. ಪ್ರತಿ ಸುತ್ತಿಗೂ ಹೊಸ ಗುಂಡಿ ಬೀಳುತ್ತದೆ, ಹಿಂದಿನ ಸುತ್ತಿನ ದಾರಿ ಮುಂದಿನ ಸುತ್ತಿಗೆ ಇರುವುದಿಲ್ಲ. ಹೆದರಿ ವೇಗ ತಗ್ಗಿಸಿದರೆ ಮುಂದಿನ ಚಕ್ರ ಹೂತುಹೋಗುತ್ತದೆ. ಆರು ಬಾರಿ ವಿಶ್ವ ಚಾಂಪಿಯನ್ ಆದ ಜೋಯಲ್ ರಾಬರ್ಟ್, ಐದು ಬಾರಿಯ ರೋಜರ್ ಡಿ ಕೋಸ್ಟರ್, ಹತ್ತು ಬಾರಿಯ ಸ್ಟೀಫನ್ ಎವರ್ಟ್ಸ್ ಮೂವರೂ ಆ ಪುಟ್ಟ ದೇಶದವರು ಎಂಬುದನ್ನು ನೆನೆದರೆ ನೆಲಕ್ಕೂ ಜನಕ್ಕೂ ಇರುವ ನಂಟು ತಿಳಿಯುತ್ತದೆ.

1981ರಲ್ಲಿ ಇದೇ ಲೊಮ್ಮೆಲ್‌ನಲ್ಲಿ 250 ಸಿಸಿ ತಂಡಗಳ ಪಂದ್ಯವನ್ನು ಅಮೆರಿಕದ ಯುವಕರು ಗೆದ್ದಾಗ ಯುರೋಪ್ ಬೆರಗಾಯಿತು. ಆ ತಂಡದ ಮೇಲ್ವಿಚಾರಕ ಬೇರೆ ಯಾರೂ ಅಲ್ಲ, ಬೆಲ್ಜಿಯಂನ ಡಿ ಕೋಸ್ಟರ್. ಮುಂದೆ ರಾಷ್ಟ್ರಗಳ ಪಂದ್ಯವನ್ನು 2005ರಿಂದ 2011ರವರೆಗೆ ಸತತ ಏಳು ವರ್ಷ ಗೆದ್ದ ಅಮೆರಿಕ, 2012ರಲ್ಲಿ ಲೊಮ್ಮೆಲ್‌ಗೆ ಬಂದು ಮೂರನೆಯ ಸ್ಥಾನಕ್ಕಿಳಿಯಿತು. ಗೆದ್ದದ್ದು ಜರ್ಮನಿ, ಎರಡನೆಯದು ಬೆಲ್ಜಿಯಂ. ಒಮ್ಮೆ ಒಲಿದ ಮರಳು ಸದಾ ಒಲಿದಿರುವುದಿಲ್ಲ.

ಮಣ್ಣಿನ ಈ ಹಂಗನ್ನು ಕಳಚಿಕೊಳ್ಳಲು ಮನುಷ್ಯ ಯತ್ನಿಸದೆ ಇರಲಿಲ್ಲ. 1972ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಕ್ರೀಡಾಂಗಣದೊಳಗೆ ಲಾರಿಗಳಲ್ಲಿ ಮಣ್ಣು ತಂದು ಸುರಿದು, ದಿಬ್ಬ ಕಟ್ಟಿ ಪಂದ್ಯ ನಡೆಸಿದರು. ಹದಿನಾರರ ಹುಡುಗ ಮಾರ್ಟಿ ಟ್ರೈಪ್ಸ್ ಗೆದ್ದ. ಸೂಪರ್‌ಕ್ರಾಸ್ ಎಂಬ ಪ್ರಕಾರ ಬೆಳೆದದ್ದು ಹೀಗೆ. ಈಗ ಅಮೆರಿಕದಲ್ಲಿ ಅದರ ಹಂಗಾಮು ಶುರುವಾಗುವುದೇ ಜನವರಿಯ ಚಳಿಯಲ್ಲಿ. ಹಿಂದೆ ಜನ ನೆಲವನ್ನು ಹುಡುಕಿಕೊಂಡು ಹೋಗುತ್ತಿದ್ದರು, ಈಗ ನೆಲವೇ ಜನರಿರುವಲ್ಲಿಗೆ ಬರುತ್ತದೆ. ಇದನ್ನು ನಾವು ಹಳಿಯುವುದಿಲ್ಲ. ಸೂಪರ್‌ಕ್ರಾಸ್ ನಮ್ಮ ದೇಶಕ್ಕೂ ಬಂದದ್ದರಿಂದಲೇ ಬೆಂಗಳೂರಿನ ಸಿ.ಎಸ್. ಸಂತೋಷ್ ಅದರಲ್ಲಿ ಪಳಗಿ, 2015ರಲ್ಲಿ ದಕ್ಷಿಣ ಅಮೆರಿಕದ ಮರುಭೂಮಿ ಹಾಯ್ದು ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು.

ಆದರೂ ಒಂದು ಮಾತು ಉಳಿಯುತ್ತದೆ. ತಂದು ಸುರಿದ ಮಣ್ಣಿಗೂ ನೀರು ಹೆಚ್ಚಾದರೆ ಕೆಸರೇ, ಕಡಿಮೆಯಾದರೆ ಧೂಳೇ. ಹದ ನೋಡಲು ಅಲ್ಲಿಯೂ ಯಾರೋ ಒಬ್ಬರು ಬಗ್ಗಿ ಒಂದು ಹಿಡಿ ಎತ್ತಿ ಅದುಮಿ ನೋಡಲೇಬೇಕು. ಗೆದ್ದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಯಾವ ನೆಲವನ್ನೇ ಆಗಲಿ ಬಂಜರು, ನಿಷ್ಪ್ರಯೋಜಕ ಎಂದು ಷರಾ ಬರೆಯುವ ಮುನ್ನ ನಾವು ಕೇಂಬರ್ಲಿಯ ಬಯಲನ್ನೂ ಲೊಮ್ಮೆಲ್‌ನ ಮರಳನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.