ಗೌಜಲಕ್ಕಿ ಮೇವಿನ ಕಥೆ: ಮೀನಿನಿಂದ ರೇಷ್ಮೆಹುಳುವಿನವರೆಗೆ



ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ಕೇಳಿದರು. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ದೊಡ್ಡ ಸಾಹಿತ್ಯವೇನೂ ಬಾರದು. ನಾನು ಸಾಕಿ, ಸೋತು, ಕಲಿತ ಹಕ್ಕಿಯ ಮೇವಿನ ಚರಿತ್ರೆಯನ್ನೇ ಬರೆಯುತ್ತೇನೆ.

ಕ್ವೇಲ್ ಎಂದು ನಾವು ಸಾಕುವುದು ನಮ್ಮ ಹೊಲದ ಗೌಜಲಕ್ಕಿ ಅಲ್ಲ, ಜಪಾನಿನದು. ಅಲ್ಲಿನವರು ಮೊದಲು ಅದರ ಕೂಗು ಕೇಳುವುದಕ್ಕೆ ಸಾಕುತ್ತಿದ್ದರಂತೆ. ಮೊಟ್ಟೆ, ಮಾಂಸಕ್ಕೆಂದು ಸಾಕಿದ್ದು 20ನೇ ಶತಮಾನದಲ್ಲಿ. ಎರಡನೇ ಮಹಾಯುದ್ಧದಲ್ಲಿ ಮೊಟ್ಟೆಯ ತಳಿಗಳು ಹೆಚ್ಚುಕಡಿಮೆ ನಾಶವಾದವು; ಅಳಿದುಳಿದವುಗಳಿಂದ ಮತ್ತೆ ಬೆಳೆಸಿದರು. ನಮ್ಮ ದೇಶಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ.

ಹುಟ್ಟಿದ ಮರಿಯ ತೂಕ ಏಳೆಂಟು ಗ್ರಾಂ. ಐದು ವಾರಕ್ಕೆ ಇನ್ನೂರು ಗ್ರಾಂ ಹತ್ತಿರ ತೂಗುತ್ತದೆ, ಆರೇಳು ವಾರಕ್ಕೆ ಮೊಟ್ಟೆ ಇಡುತ್ತದೆ. ಇಷ್ಟು ಬೇಗ ಬೆಳೆಯಬೇಕಾದರೆ ಮರಿ ಮೇವಿನಲ್ಲಿ ನೂರಕ್ಕೆ 24ರಿಂದ 27 ಭಾಗ ಪ್ರೋಟೀನು ಬೇಕು. ಮುಸುಕಿನ ಜೋಳದಲ್ಲಿ ಇರುವುದು ಎಂಟೊಂಬತ್ತು ಭಾಗ. ಉಳಿದದ್ದನ್ನು ಎಲ್ಲಿಂದ ತರೋದು? ಮೇವಿನ ಖರ್ಚೆಲ್ಲ ಇಲ್ಲೇ ಇದೆ.

ಬಹುಕಾಲ ಎಲ್ಲರೂ ನಂಬಿದ್ದು ಮೀನಿನ ಪುಡಿಯನ್ನು. 1972ರಲ್ಲಿ ಪೆರು ದೇಶದ ಕಡಲ ನೀರು ಬಿಸಿಯೇರಿ ಅಲ್ಲಿನ ಮೀನುಗಾರಿಕೆ ಕುಸಿಯಿತು. ಪುಡಿ ಸಿಗದೆ ಪ್ರಪಂಚವೆಲ್ಲ ಸೋಯಾ ಹಿಂಡಿಗೆ ಮುಗಿಬಿತ್ತು. 1973ರಲ್ಲಿ ಅಮೆರಿಕ ಸೋಯಾ ರಫ್ತನ್ನೇ ಕೆಲಕಾಲ ತಡೆಹಿಡಿಯಿತು. ಸೋಯಾ ಒಳ್ಳೆಯದೇ, ಆದರೆ ಹಸಿಯಾಗಿ ಕೊಟ್ಟರೆ ಅರಗದು, ಬಿಸಿ ಕಂಡಿರಬೇಕು. ಕಡ್ಲೆಕಾಯಿ ಹಿಂಡಿ ನಮ್ಮದೇ ಊರಿನ ಮಾಲು. ಅದಕ್ಕೆ ಬೂಷ್ಟು ಬಂದರೆ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿ ತಿಂದು ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತವು.

ಇನ್ನು ನನ್ನ ಕಥೆ. 2009ರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಬ್ಬ ವ್ಯಾಪಾರಿಯಿಂದ ಮೀನಿನ ಪುಡಿ ತಂದೆ. ನನ್ನ ಮಾತು ನಂಬಿ ಇನ್ನೂ ಮೂವರು ಸದಸ್ಯರು ಕೊಂಡರು. ಮೂರನೇ ದಿನಕ್ಕೆ ಮರಿಗಳು ನೀರಿನ ತಟ್ಟೆ ಬಿಟ್ಟು ಕದಲಲಿಲ್ಲ, ಹಿಕ್ಕೆ ನೀರಾಯಿತು, ಸಾಯತೊಡಗಿದವು. ಪಶುವೈದ್ಯರು ಬಂದು ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ, "ಏನ್ರೀ ಇದು, ಬರೀ ಉಪ್ಪು!" ಅಂದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ಗಾದೆ. ಇಲ್ಲಿ ಉಪ್ಪು ತಿಂದದ್ದು ಹಕ್ಕಿ, ನೀರು ಕುಡಿದದ್ದು ನಾವು ನಾಲ್ವರು. ಅವರಲ್ಲಿ ಒಬ್ಬರು ಆ ಮೇಲೆ ಹಕ್ಕಿ ಸಾಕಲೇ ಇಲ್ಲ. ಎದುರಿಗೆ ಸಿಕ್ಕಾಗ ಈಗಲೂ ನನಗೆ ತಲೆ ಎತ್ತಲು ಸಂಕೋಚ.

ಆಮೇಲೆ ಕಣ್ಣಿಗೆ ಬಿದ್ದದ್ದು ರೇಷ್ಮೆಹುಳು. ರಾಮನಗರ, ಶಿಡ್ಲಘಟ್ಟದ ಕಡೆ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಅದು. ಒಣಗಿಸಿದರೆ ತೂಕದಲ್ಲಿ ಅರ್ಧದಷ್ಟು ಪ್ರೋಟೀನು. ಸೋಯಾದಲ್ಲಿ ಕಡಿಮೆ ಇರುವ ಮಿಥಿಯೋನಿನ್ ಇದರಲ್ಲಿ ಚೆನ್ನಾಗಿದೆ. ಆದರೆ ಕಾಲು ಭಾಗ ಎಣ್ಣೆ. ಇಟ್ಟರೆ ಕಮಟು ಹಿಡಿಯುತ್ತದೆ, ವಾಸನೆ ಮೊಟ್ಟೆಗೂ ಬರುತ್ತದೆ. ಅದಕ್ಕೇ ಎಣ್ಣೆ ತೆಗೆದ ಪುಡಿಯೇ ಆಗಬೇಕು. ನಾನು ಮೀನಿನ ಪುಡಿಯನ್ನು ಒಮ್ಮೆಗೇ ಬಿಡದೆ, ಸ್ವಲ್ಪ ಸ್ವಲ್ಪವೇ ಇದಕ್ಕೆ ಬದಲಾಯಿಸಿದೆ. 2021ರಲ್ಲಿ ಯುರೋಪಿನ ದೇಶಗಳೂ ಕೋಳಿ ಮೇವಿಗೆ ಹುಳುವಿನ ಪುಡಿ ಬಳಸಲು ಅನುಮತಿ ಕೊಟ್ಟವು.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಯಾವ ಪುಡಿ ತಂದರೂ ಒಂದು ಲೋಟ ನೀರಿಗೆ ಹಾಕಿ ನೋಡಿ, ಮರಳಿದ್ದರೆ ತಳದಲ್ಲಿ ಕೂರುತ್ತದೆ. ಉಪ್ಪು ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಒಬ್ಬೊಬ್ಬರಿಗೆ ಅದು ಭಾರ. ಸಂಘದ ಮೂಲಕ ಒಟ್ಟಿಗೆ ಕೊಂಡು ಒಂದೇ ಸಲ ಪರೀಕ್ಷೆ ಮಾಡಿಸೋಣ. ಒಬ್ಬನ ಮಾತು ನಂಬಿ ನಾಲ್ವರು ಕೆಟ್ಟದ್ದು ಸಾಕು.